ಆನ್‌ಲೈನ್ ದೀಕ್ಷೆ, ಬ್ರೂಕ್ಲಿನ್ ಮದುವೆ: ಒಬ್ಬ ಸ್ವತಂತ್ರ ಮಿನಿಸ್ಟರ್ ಪ್ರಕರಣ

ನ್ಯೂಯಾರ್ಕ್ ನಗರದಲ್ಲಿ ನೆಲೆಸಿದ 48 ವರ್ಷದ ಮಹಿಳೆ. ಹುಟ್ಟಿದ್ದು ಮನೆದೇವರು, ವ್ರತ, ಒಪ್ಪತ್ತು ಎಲ್ಲ ಇದ್ದ ಮನೆಯಲ್ಲಿ, ಓದಿದ್ದು ಕಾನ್ವೆಂಟಿನಲ್ಲಿ. ಈಗ ಯಾವ ದೇವಸ್ಥಾನ, ಮಠ, ಚರ್ಚಿನ ಸದಸ್ಯೆಯೂ ಅಲ್ಲ, ನಾಸ್ತಿಕಳೂ ಅಲ್ಲ. ಬೆಳಗ್ಗೆ ಅರ್ಧ ಗಂಟೆ ಮೌನ, ಮಲಗುವ ಮುಂಚೆ ಒಂದು ವಚನ, ವಾರಕ್ಕೆ ಎರಡು ದಿನ ಹಾಸ್ಪಿಸ್‌ನಲ್ಲಿ ಸಾವಿನಂಚಿನವರ ಪಕ್ಕ ಕೂರುವ ಸ್ವಯಂಸೇವೆ. ಅವರ ಧರ್ಮ ಎಂದರೆ ಇಷ್ಟೇ. ಕಳೆದ ವರ್ಷ ಯೂನಿವರ್ಸಲ್ ಲೈಫ್ ಚರ್ಚ್‌ನಿಂದ ಆನ್‌ಲೈನ್‌ನಲ್ಲಿ ದೀಕ್ಷೆ ಪಡೆದು ಮಿನಿಸ್ಟರ್ ಆದರು. (ಮಿನಿಸ್ಟರ್ ಎಂದೊಡನೆ ನಮ್ಮವರಿಗೆ ಗೂಟದ ಕಾರು ನೆನಪಾಗುತ್ತದೆ. ಇಲ್ಲಿ ಅದು ಧರ್ಮಸೇವೆಯ ಹುದ್ದೆ.)

ದೀಕ್ಷೆಯ ಬೆನ್ನಿಗೇ ಮೂರು ಕೆಲಸ ಅವರ ಮುಂದೆ ಬಂದವು. ಪರಿಚಯದ ಜೋಡಿಯೊಂದರ ಮದುವೆ ನಡೆಸಿಕೊಡುವುದು, ಆಸ್ಪತ್ರೆಯಲ್ಲಿ ಚಾಪ್ಲಿನ್ (ರೋಗಿಗಳಿಗೂ ಅವರ ಮನೆಯವರಿಗೂ ಆಧ್ಯಾತ್ಮಿಕ ಆಸರೆ ಕೊಡುವ ಧರ್ಮಸೇವಕಿ) ಆಗಿ ಸೇರುವ ಆಸೆ, ಮನೆಯಲ್ಲೇ ಭಾನುವಾರ ಸೇರುವ ಎಂಟು ಹತ್ತು ಜನರ ಕೂಟಕ್ಕೆ ಚರ್ಚಿನ ಸ್ಥಾನ. ಮೂರಕ್ಕೂ ಒಂದೇ ಸರ್ಟಿಫಿಕೇಟು ಸಾಕು ಎಂದುಕೊಂಡದ್ದೇ ಈ ಪ್ರಕರಣದ ಮೂಲ ತೊಡಕು. ಇಲ್ಲಿನ ವಿವರಗಳನ್ನು ಒಬ್ಬರೇ ವ್ಯಕ್ತಿಯಿಂದ ತೆಗೆದುಕೊಂಡಿಲ್ಲ. ಇಂಥವರಿಗೆ ಪದೇ ಪದೇ ಎದುರಾಗುವ ತೊಡಕುಗಳನ್ನು ಒಂದೇ ಪ್ರಕರಣವಾಗಿ ಹೆಣೆದಿದೆ.

ದೀಕ್ಷೆ ಏನು ಕೊಟ್ಟಿತು

ಯೂನಿವರ್ಸಲ್ ಲೈಫ್ ಚರ್ಚ್ ಅನ್ನು ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಕಟ್ಟಿದವರು ಕರ್ಬಿ ಹೆನ್ಸ್‌ಲಿ. 1962ರಲ್ಲಿ ಅದು ಅಧಿಕೃತವಾಗಿ ನೋಂದಣಿಯಾಯಿತು. ಕೇಳಿದವರಿಗೆಲ್ಲ ಅಂಚೆಯಲ್ಲಿ ಉಚಿತ ದೀಕ್ಷೆ ಕೊಡುತ್ತಿದ್ದರು, ಈಗ ಅದು ಆನ್‌ಲೈನಿಗೆ ಬಂದಿದೆ. ಅವರ ಸಿದ್ಧಾಂತ ಒಂದೇ ಸಾಲಿನದು: ಸರಿಯಾದದ್ದನ್ನು ಮಾಡು, ಯಾವುದು ಸರಿ ಎಂಬುದನ್ನು ನೀನೇ ನಿರ್ಧರಿಸು. ಇದೇ ಹೆಸರಿನಲ್ಲಿ ಇಂದು ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿವೆ. ಸಿಯಾಟಲ್‌ನ ಯೂನಿವರ್ಸಲ್ ಲೈಫ್ ಚರ್ಚ್ ಮೊನಾಸ್ಟರಿ ಮೊಡೆಸ್ಟೊದಿಂದ ಬೇರೆಯಾದ ಸಂಸ್ಥೆ. ಅರ್ಜಿ ತುಂಬುವಾಗ ಯಾವುದರಿಂದ ದೀಕ್ಷೆ ಪಡೆದಿರಿ ಎಂಬುದನ್ನು ಪೂರ್ಣ ಹೆಸರಿನಲ್ಲೇ ಬರೆಯಬೇಕು. ಈ ಮಹಿಳೆ ಒಂದು ಅರ್ಜಿಯಲ್ಲಿ ಒಂದು ರೀತಿ, ಇನ್ನೊಂದರಲ್ಲಿ ಇನ್ನೊಂದು ರೀತಿ ಬರೆದು ಆಮೇಲೆ ತಿದ್ದಬೇಕಾಯಿತು.

1974ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟೊಂದು ಈ ಚರ್ಚಿನ ಪರವಾಗಿ ತೀರ್ಪು ಕೊಟ್ಟಿತು. ಒಂದು ಧರ್ಮದ ಬೋಧನೆ ಸರಿಯೋ ತಪ್ಪೋ ಎಂದು ತೂಗುವುದು ಸರ್ಕಾರದ ಕೆಲಸವಲ್ಲ ಎಂಬುದು ಅದರ ತಿರುಳು. ಇಷ್ಟನ್ನೇ ಓದಿಕೊಂಡು ‘ನಮ್ಮ ದೀಕ್ಷೆ ಎಲ್ಲೆಡೆ ನಡೆಯುತ್ತದೆ’ ಎಂದುಕೊಳ್ಳುವವರು ಬಹಳ. ಆದರೆ ಆ ತೀರ್ಪು ಬಂದದ್ದು ತೆರಿಗೆಯ ದಾವೆಯಲ್ಲಿ. ಮದುವೆಯ ಕಾನೂನು ಆಯಾ ರಾಜ್ಯದ್ದು. ನೀವು ಮಿನಿಸ್ಟರೋ ಅಲ್ಲವೋ ಎಂದು ಕೋರ್ಟು ಕೇಳುವುದಿಲ್ಲ. ಈ ರಾಜ್ಯದ ಕಾನೂನು ಹೇಳುವ ಅರ್ಥದಲ್ಲಿ ಮಿನಿಸ್ಟರೋ ಎಂದು ಕೇಳುತ್ತದೆ.

ಮದುವೆ

ವಧು ನ್ಯೂಜೆರ್ಸಿಯ ಕನ್ನಡದ ಮನೆಯವಳು, ಎಚ್-1ಬಿ ವೀಸಾದಲ್ಲಿದ್ದಾಳೆ. ವರ ಅಮೆರಿಕದ ಪ್ರಜೆ, ತಂದೆ ಯಹೂದಿ, ತಾಯಿ ಕ್ಯಾಥೊಲಿಕ್. ಇಬ್ಬರೂ ಬ್ರೂಕ್ಲಿನ್ ವಾಸಿಗಳು. ನಗರದಿಂದ ಉತ್ತರಕ್ಕೆ, ಅಲ್ಸ್ಟರ್ ಕೌಂಟಿಯ ಒಂದು ತೋಟದಲ್ಲಿ ಶನಿವಾರ ಮದುವೆ ಎಂದು ಗೊತ್ತಾಗಿತ್ತು. ಯಹೂದಿಗಳ ಪವಿತ್ರ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು, ಅಂದರೆ ಶನಿವಾರ, ಮದುವೆ ಕೂಡದು ಎಂದು ವರನ ಅಜ್ಜಿ ಪಟ್ಟು ಹಿಡಿದರು. ಪಂಚಾಂಗ ನೋಡಿದಾಗ ಹಿಂದಿನ ದಿನ ಶುಕ್ರವಾರ ಬೆಳಗ್ಗೆ 10:20ಕ್ಕೆ ಮುಹೂರ್ತ ಸಿಕ್ಕಿತು. ಕೆಲಸದ ದಿನ ಅಷ್ಟು ಬೆಳಗ್ಗೆ 70 ಜನ ಅಲ್ಲಿಗೆ ಹೋಗುವುದು ಆಗದ ಮಾತು. ಹಾಗಾಗಿ ಮದುವೆಗೆ ಹನ್ನೆರಡು ದಿನ ಇರುವಾಗ ಜಾಗ ಬ್ರೂಕ್ಲಿನ್‌ನ ಸಭಾಂಗಣವೊಂದಕ್ಕೆ ಬದಲಾಯಿತು. ನಗರದ ಪಾರ್ಕಿನಲ್ಲೇ ಮಾಡೋಣ ಎಂಬ ಸಲಹೆಯೂ ಬಂತು. ಆದರೆ 20ಕ್ಕಿಂತ ಹೆಚ್ಚು ಜನ ಸೇರಿದರೆ ಉದ್ಯಾನ ಇಲಾಖೆಯ ಪರವಾನಗಿ ಬೇಕು, ಹನ್ನೆರಡು ದಿನದಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಜಾಗ ಬದಲಾದರೆ ಹೂವಿನವರಿಗೂ ಅಡುಗೆಯವರಿಗೂ ಫೋನ್ ಮಾಡುತ್ತಾರೆ. ಮಿನಿಸ್ಟರ್‌ಗೆ ಹೊಸ ವಿಳಾಸ ಕಳಿಸಿ ಸುಮ್ಮನಾಗುತ್ತಾರೆ. ಇಲ್ಲಿ ಎಡವಟ್ಟಾದದ್ದೂ ಅಲ್ಲೇ. ನ್ಯೂಯಾರ್ಕ್ ನಗರದ ಐದು ಬರೋಗಳೊಳಗೆ (ಬರೋ ಎಂದರೆ ನಗರದ ಆಡಳಿತ ವಿಭಾಗ, ಬ್ರೂಕ್ಲಿನ್ ಅವುಗಳಲ್ಲೊಂದು) ಮದುವೆ ನಡೆಸುವವರು ಮೊದಲು ಸಿಟಿ ಕ್ಲರ್ಕ್ ಕಚೇರಿಯಲ್ಲಿ ತಮ್ಮ ಹೆಸರು, ವಿಳಾಸ ನೋಂದಾಯಿಸಬೇಕು. ಶುಲ್ಕ 15 ಡಾಲರ್. ಗುರುತಿನ ಚೀಟಿಯ ಜೊತೆ ದೀಕ್ಷೆಯ ಮೂಲ ಕಾಗದಗಳನ್ನು ತೋರಿಸಬೇಕು, ಕಂಪ್ಯೂಟರಿನಿಂದ ತೆಗೆದ ಪ್ರಿಂಟ್ ನಡೆಯುವುದಿಲ್ಲ. ಮುದ್ರೆ ಒತ್ತಿದ ಪತ್ರ ದೀಕ್ಷೆ ಕೊಟ್ಟ ಸಂಸ್ಥೆಯಿಂದ ಅಂಚೆಯಲ್ಲಿ ಬರಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಅಲ್ಸ್ಟರ್‌ನಲ್ಲಿ ಈ ನೋಂದಣಿಯ ಗೊಡವೆಯೇ ಇರಲಿಲ್ಲ.

ಅದಕ್ಕಿಂತ ಆಳದ ಸಮಸ್ಯೆ ಇನ್ನೊಂದಿತ್ತು. ನ್ಯೂಯಾರ್ಕ್ ಕಾನೂನಿನ ಪ್ರಕಾರ ಮದುವೆ ನಡೆಸಲು ಅಧಿಕಾರವಿರುವವರಲ್ಲಿ ‘ಯಾವುದೇ ಧರ್ಮದ ಮಿನಿಸ್ಟರ್’ ಕೂಡ ಸೇರಿದ್ದಾರೆ. ಆದರೆ ಮಿನಿಸ್ಟರ್ ಎಂದರೆ ಯಾರು ಎಂಬುದಕ್ಕೆ ಧಾರ್ಮಿಕ ಸಂಸ್ಥೆಗಳ ಕಾನೂನಿನಲ್ಲಿ ಬೇರೆ ವ್ಯಾಖ್ಯೆ ಇದೆ: ಒಂದು ಚರ್ಚಿನ ಆಧ್ಯಾತ್ಮಿಕ ವ್ಯವಹಾರಗಳನ್ನು ನೋಡಿಕೊಳ್ಳಲು ಆ ಚರ್ಚಿನಿಂದಲೋ ಅದರ ಮೇಲಿನ ಧಾರ್ಮಿಕ ಮಂಡಳಿಯಿಂದಲೋ ಅಧಿಕಾರ ಪಡೆದವರು. ಯಾವ ಸಭೆಯನ್ನೂ ನಡೆಸದೆ ಬರಿಯ ಸರ್ಟಿಫಿಕೇಟು ಇಟ್ಟುಕೊಂಡವರು ಇದರೊಳಗೆ ಬರುತ್ತಾರೆಯೇ? ರಾನಿಯೇರಿ ಮೊಕದ್ದಮೆಯಲ್ಲಿ 1989ರಲ್ಲಿ ರಾಜ್ಯದ ಮೇಲ್ಮನವಿ ಕೋರ್ಟಿನ ಎರಡನೇ ಡಿಪಾರ್ಟ್‌ಮೆಂಟ್ (ಈ ಕೋರ್ಟು ಪ್ರದೇಶವಾರು ಡಿಪಾರ್ಟ್‌ಮೆಂಟ್‌ಗಳಾಗಿ ಹಂಚಿಕೊಂಡಿದೆ) ಇಂಥ ಮಿನಿಸ್ಟರ್ ನಡೆಸಿದ ಮದುವೆಯನ್ನು ಅಸಿಂಧು ಎಂದಿತು. ಓಸ್ವಾಲ್ಡ್ ಮೊಕದ್ದಮೆಯಲ್ಲಿ 2013ರಲ್ಲಿ ಮೂರನೇ ಡಿಪಾರ್ಟ್‌ಮೆಂಟ್, ಇದು ಸಾಕ್ಷ್ಯ ನೋಡಿ ತೀರ್ಮಾನಿಸಬೇಕಾದ ವಿಷಯ ಎಂದಿತು. ಅಲ್ಸ್ಟರ್ ಮೂರನೆಯದರ ವ್ಯಾಪ್ತಿಗೆ, ಬ್ರೂಕ್ಲಿನ್ ಎರಡನೆಯದರ ವ್ಯಾಪ್ತಿಗೆ ಬರುತ್ತದೆ. ಹಾಗೆಂದು ತೋಟದಲ್ಲೇ ಮದುವೆಯಾಗಿದ್ದರೆ ನಿಶ್ಚಿಂತೆ ಎನ್ನುವಂತಿರಲಿಲ್ಲ. ದಂಪತಿ ಬ್ರೂಕ್ಲಿನ್‌ನವರು, ಮುಂದೆ ದಾವೆ ಬಂದರೆ ಅಲ್ಲಿಯೇ ಬರುವ ಸಂಭವ ಹೆಚ್ಚು.

ಇಂಥ ದೋಷ ಮದುವೆಯ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಲರ್ಕ್ ಕಾಗದ ತೆಗೆದುಕೊಳ್ಳುತ್ತಾರೆ, ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಹತ್ತು ವರ್ಷ ಕಳೆದ ಮೇಲೆ ವಿಚ್ಛೇದನದಲ್ಲೋ ಆಸ್ತಿ ಹಂಚಿಕೆಯಲ್ಲೋ, ಮದುವೆಯೇ ಆಗಿಲ್ಲ ಎಂದರೆ ಲಾಭವಾಗುವವರೊಬ್ಬರು ಅದನ್ನು ಎತ್ತುತ್ತಾರೆ. ಈ ಜೋಡಿಗೆ ಅಷ್ಟು ಕಾಯಬೇಕಾಗಿಯೂ ಇರಲಿಲ್ಲ. ವಧುವಿನ ಗ್ರೀನ್ ಕಾರ್ಡ್ ಅರ್ಜಿ ನಿಲ್ಲುವುದು ಈ ಮದುವೆಯ ಮೇಲೆ. ಮದುವೆ ನಡೆದ ಜಾಗದ ಕಾನೂನಿನಂತೆ ಅದು ಸಿಂಧುವೇ ಎಂಬುದನ್ನು ವಲಸೆ ಇಲಾಖೆ ನೋಡುತ್ತದೆ.

ದಾರಿ ಎರಡಿದ್ದವು. ಸಿಟಿ ಕ್ಲರ್ಕ್ ಕಚೇರಿಯಲ್ಲಿ ಮೊದಲೇ ಸರಳ ವಿವಾಹವಾಗಿ, ಶುಕ್ರವಾರದ್ದನ್ನು ಧಾರ್ಮಿಕ ವಿಧಿಯಾಗಿ ಮಾತ್ರ ಇಟ್ಟುಕೊಳ್ಳುವುದು ಒಂದು. ಕಾಗದದ ದೃಷ್ಟಿಯಿಂದ ಇದು ಭದ್ರವಾದದ್ದು. ಆದರೆ ಮುಹೂರ್ತ ಒಂದು ದಿನ, ಸರ್ಕಾರಿ ದಾಖಲೆಯಲ್ಲಿ ಇನ್ನೊಂದು ದಿನ ಎಂದರೆ ವಧುವಿನ ಮನೆಯವರು ಒಪ್ಪಲಿಲ್ಲ. ಇನ್ನೊಂದು, 2023ರ ಮಾರ್ಚ್ 28ರಿಂದ ನ್ಯೂಯಾರ್ಕ್‌ನಲ್ಲಿ ಜಾರಿಗೆ ಬಂದ ಒಂದು ದಿನದ ಲೈಸೆನ್ಸ್. ಹದಿನೆಂಟು ತುಂಬಿದ ಯಾರೇ ಆಗಲಿ 25 ಡಾಲರ್ ಕಟ್ಟಿ ಅರ್ಜಿ ಹಾಕಿ, ಹೆಸರಿಸಿದ ಆ ಒಂದು ಮದುವೆ ನಡೆಸುವ ಅಧಿಕಾರ ಪಡೆಯಬಹುದು. ದೀಕ್ಷೆಯ ಪ್ರಶ್ನೆಯೇ ಬರುವುದಿಲ್ಲ, ರಾನಿಯೇರಿ ತೀರ್ಪು ಅಡ್ಡ ಬರುವುದಿಲ್ಲ.

ಮಹಿಳೆಗೆ ಮೊದಲು ಇದು ಅವಮಾನದಂತೆ ಕಂಡಿತು. ದೀಕ್ಷೆ ಪಡೆದವಳು ದಾರಿಹೋಕರ ಹಾಗೆ ಒಂದು ದಿನದ ಚೀಟಿಗೆ ನಿಲ್ಲುವುದೇ ಎಂದು. ಸ್ವತಂತ್ರ ಮಿನಿಸ್ಟರ್‌ಗಳಲ್ಲಿ ಈ ಬಿಗುಮಾನ ಸಾಮಾನ್ಯ. ಬಿಗುಮಾನದ ಬೆಲೆ ತೆರುವವರು ಮಾತ್ರ ದಂಪತಿ. ಕೊನೆಗೆ ಚೀಟಿ ಪಡೆದರು, ಅದೇ ಸರಿಯಾದ ನಿರ್ಧಾರ. ವಿಧಿ ನಡೆಸಿದ್ದು ಮಿನಿಸ್ಟರ್ ಆಗಿಯೇ, ಸಹಿ ಹಾಕಿದ್ದು ಚೀಟಿಯ ಬಲದಿಂದ.

ಇಪ್ಪತ್ತನಾಲ್ಕು ಗಂಟೆ

ಮದುವೆ ಲೈಸೆನ್ಸ್ ಪಡೆಯುವುದು ವಧೂವರರ ಕೆಲಸ. ನಗರದಲ್ಲಿ ಶುಲ್ಕ 35 ಡಾಲರ್, 60 ದಿನ ಚಾಲ್ತಿ, ರಾಜ್ಯದ ಯಾವ ಮೂಲೆಯಲ್ಲಾದರೂ ನಡೆಯುತ್ತದೆ. ಆದರೆ ಲೈಸೆನ್ಸ್ ಕೊಟ್ಟ ಹೊತ್ತಿನಿಂದ 24 ಗಂಟೆ ಕಳೆಯುವ ತನಕ ಮದುವೆ ಮಾಡುವಂತಿಲ್ಲ. ಹೆಚ್ಚಿನವರು ಇದನ್ನು ‘ಹಿಂದಿನ ದಿನ ತೆಗೆದುಕೊಂಡರಾಯಿತು’ ಎಂದು ಓದಿಕೊಳ್ಳುತ್ತಾರೆ. ಈ ಜೋಡಿಯ ಅಪಾಯಿಂಟ್‌ಮೆಂಟ್ ಇದ್ದದ್ದು ಗುರುವಾರ 11:40ಕ್ಕೆ, ಮುಹೂರ್ತ ಶುಕ್ರವಾರ 10:20ಕ್ಕೆ. ಒಂದು ಗಂಟೆ ಇಪ್ಪತ್ತು ನಿಮಿಷ ಕಡಿಮೆ. ನ್ಯಾಯಾಧೀಶರಿಂದ ವಿನಾಯಿತಿ ಪಡೆಯಬಹುದು, ಆದರೆ ಅದು ನಿಜವಾದ ತುರ್ತಿಗೆ ಇರುವ ದಾರಿ. ಮುಹೂರ್ತವನ್ನು ಕ್ಲರ್ಕ್ ಮುಂದೂಡುವುದಿಲ್ಲ, ಕ್ಲರ್ಕಿನ ಗಡಿಯಾರವನ್ನು ಪಂಚಾಂಗ ಹಿಂದೆ ತಿರುಗಿಸುವುದಿಲ್ಲ. ಅಪಾಯಿಂಟ್‌ಮೆಂಟನ್ನೇ ಸೋಮವಾರಕ್ಕೆ ಎಳೆದರು.

ಲೈಸೆನ್ಸ್ ಕಾಗದ ತುಂಬುವಾಗ ಕೈ ತಪ್ಪುವ ಕಡೆಗಳು ಬಹುತೇಕ ಎಲ್ಲರಿಗೂ ಒಂದೇ. ಕಪ್ಪು ಶಾಯಿ ಬಳಸಬೇಕು, ಬಿಳಿ ಬಣ್ಣ ಬಳಿದು ತಿದ್ದಬಾರದು. ಮಿನಿಸ್ಟರ್ ಹೆಸರು ಚೀಟಿಯಲ್ಲಿ ಇದ್ದ ಹಾಗೆಯೇ, ಅಕ್ಷರ ಬಿಡದೆ ಇರಬೇಕು. ಈ ಮಹಿಳೆ ದಿನನಿತ್ಯ ಇನಿಷಿಯಲ್ ಮುಂದೆ ಬರೆಯುವವರು, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಹಿಂದೆ ಹೋಗಿದೆ. ನಮ್ಮ ಕಡೆಯ ಹೆಸರುಗಳಿಗೆ ಅಮೆರಿಕದ ಫಾರಂಗಳಲ್ಲಿ ಇದು ತಪ್ಪದ ಕಾಟ. ಮದುವೆ ನಡೆದ ಜಾಗ ಎಂಬಲ್ಲಿ ಸಭಾಂಗಣದ ಹೆಸರು ಬರೆದು ಬರೋ ಬಿಟ್ಟುಬಿಡುತ್ತಾರೆ. ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಬೇಕು. ಬೆಳಗ್ಗೆ ಗಡಿಬಿಡಿ ಎಂದು ಮುಂಚಿನ ರಾತ್ರಿಯೇ ಸಹಿ ಹಾಕಿಸಿಡುವುದು ಕೆಟ್ಟ ಚಾಳಿ, ಏಕೆಂದರೆ ಆಗ ಆ ಕಾಗದ ನಡೆಯದ ಮದುವೆಗೆ ಸಾಕ್ಷಿ ಹೇಳುತ್ತದೆ. ವಿಧಿ ಮುಗಿದ ಐದು ದಿನದೊಳಗೆ ಕಾಗದ ಲೈಸೆನ್ಸ್ ಕೊಟ್ಟ ಕ್ಲರ್ಕಿಗೆ ಮರಳಬೇಕು, ಕಳಿಸುವ ಹೊಣೆ ಮದುವೆ ನಡೆಸಿದವರದು. ಅಂಚೆಗೆ ಹಾಕುವ ಮೊದಲು ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಂಡರೆ ಕಾಗದ ಕಳೆದುಹೋದಾಗ ಉಪಯೋಗಕ್ಕೆ ಬರುತ್ತದೆ.

ಕಲಸುಮೇಲೋಗರ

ಎಲ್ಲರನ್ನೂ ಒಳಗೊಳ್ಳುವ ನಂಬಿಕೆ ಎಂದಾಗ ಹೊಸ ಮಿನಿಸ್ಟರ್‌ಗಳು ಮೊದಲು ಮಾಡುವ ತಪ್ಪು ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿಯುವುದು. ಇವರ ಮೊದಲ ಕರಡಿನಲ್ಲಿ ಸಪ್ತಪದಿಯ ಏಳು ಹೆಜ್ಜೆಗೆ ಯಹೂದಿ ಮದುವೆಯ ಏಳು ಆಶೀರ್ವಾದಗಳನ್ನು ಒಂದಕ್ಕೊಂದು ಹೊಂದಿಸಲಾಗಿತ್ತು. ಎರಡೂ ಕಡೆ ಏಳು ಇದೆ ಎಂಬುದೇ ಕಾರಣ. ಓದುವುದಕ್ಕೆ ಚಂದ, ನಡೆಸಿದರೆ ಎರಡೂ ಕೆಡುತ್ತವೆ. ಒಂದೊಂದು ಹೆಜ್ಜೆಗೂ ಒಂದೊಂದು ಕೋರಿಕೆಯಿದೆ, ಅನ್ನ, ಬಲ, ಸಂಪತ್ತು ಹೀಗೆ. ಆಶೀರ್ವಾದಗಳು ದ್ರಾಕ್ಷಾರಸದ ಬಟ್ಟಲಿನಿಂದ ಶುರುವಾಗಿ ಬೇರೆಯೇ ದಿಕ್ಕಿಗೆ ಹೋಗುತ್ತವೆ. ಜೋಡಿಸಿದರೆ ಯಾರ ಅಜ್ಜಿಗೂ ತಮ್ಮದು ಎಂದು ಗುರುತು ಸಿಗುವುದಿಲ್ಲ. ಅದನ್ನು ಬಿಡಿಸಿ, ಸಪ್ತಪದಿಯನ್ನು ಪೂರ್ತಿಯಾಗಿ ಇಟ್ಟುಕೊಂಡರು. ಏಳು ಆಶೀರ್ವಾದಗಳನ್ನು ವರನ ತಂದೆ ಊಟದ ಹೊತ್ತಿನಲ್ಲಿ ಹೇಳುವುದೆಂದಾಯಿತು. ಊಟದ ಬಳಿಕ ಅವನ್ನು ಹೇಳುವುದು ಅವರಲ್ಲಿ ಇರುವ ಪದ್ಧತಿಯೇ.

ಕರಡಿನಲ್ಲಿದ್ದ ‘ಎಲ್ಲ ಧರ್ಮಗಳೂ ಒಂದೇ’ ಎಂಬ ಸಾಲನ್ನೂ ತೆಗೆಯಬೇಕಾಯಿತು. ಹೇಳುವವರಿಗೆ ಅದು ಔದಾರ್ಯ. ಧರ್ಮದ ಕಾರಣಕ್ಕೇ ಊರು ಬಿಟ್ಟು ಬಂದ ಮನೆತನದ ಅಜ್ಜಿಗೆ ಅದು ‘ನಿಮ್ಮದೆಂಬುದು ಏನೂ ಇಲ್ಲ’ ಎಂದು ಕೇಳುತ್ತದೆ. ಅದರ ಬದಲಿಗೆ ಯಾವ ವಿಧಿ ಯಾರ ಮನೆಯಿಂದ ಬಂದದ್ದು ಎಂದು ಒಂದೊಂದು ವಾಕ್ಯದಲ್ಲಿ ಹೇಳಿದರು, ಅಷ್ಟೇ.

ಇಟ್ಟುಕೊಂಡ ನಿಯಮ ಒಂದೇ: ವಿಧಿಯನ್ನು ಅದರ ಮನೆಯವರೇ ಮಾಡಲಿ, ಮಿನಿಸ್ಟರ್ ಹೊಲಿಗೆ ಹಾಕಲಿ. ವಧುವನ್ನು ಸೋದರಮಾವ ಮಂಟಪಕ್ಕೆ ಕರೆತಂದರು. ಯಹೂದಿಗಳ ಮದುವೆ ಚಪ್ಪರವಾದ ಹುಪ್ಪಾಗೂ ನಾಲ್ಕು ಕಂಬ, ನಮ್ಮ ಮಂಟಪಕ್ಕೂ ನಾಲ್ಕು ಕಂಬ, ಹಾಗಾಗಿ ಒಂದೇ ಚಪ್ಪರ ಎರಡೂ ಆಯಿತು. ಮೇಲೆ ಹೊದಿಸಿದ ಬಟ್ಟೆ ವರನ ಅಜ್ಜನ ಪ್ರಾರ್ಥನಾ ಶಾಲು. ಅಂತರಪಟ ಸರಿದಾಗ ಜೀರಿಗೆ ಬೆಲ್ಲ ಇಬ್ಬರ ತಲೆಯ ಮೇಲೆ ಬಿತ್ತು. ಧಾರೆಯ ವಿಷಯದಲ್ಲಿ ಮಾತು ಬಹಳ ನಡೆಯಿತು. ‘ನನ್ನನ್ನು ಯಾರೂ ಕೊಡಬೇಕಾಗಿಲ್ಲ’ ಎಂದು ವಧು. ‘ಧಾರೆ ಎರೆಯದಿದ್ದರೆ ಇದು ಮದುವೆಯೋ, ಬರೀ ಸಭೆಯೋ ಮೇಡಂ?’ ಎಂದು ಅವಳ ತಾಯಿ. ಸಿಕ್ಕಿದ ದಾರಿ ಹೀಗಿತ್ತು: ವಧೂವರರ ಜೋಡಿಸಿದ ಕೈಗಳ ಮೇಲೆ ತೆಂಗಿನಕಾಯಿ, ಅದರ ಮೇಲೆ ಎರಡೂ ಕಡೆಯ ತಂದೆ ತಾಯಂದಿರು ನಾಲ್ವರೂ ಸೇರಿ ಹಾಲು ನೀರು ಎರೆದರು. ಕೊಡುವವರೂ ಪಡೆಯುವವರೂ ಎಲ್ಲರೂ ಆದರು. ಹೋಮಕ್ಕೆ ಸಭಾಂಗಣದವರು ಒಪ್ಪಲಿಲ್ಲ. ಗಾಜಿನ ಬುರುಡೆಯೊಳಗಿನ ತುಪ್ಪದ ದೀಪಕ್ಕೆ ಬರಹದಲ್ಲಿ ಅನುಮತಿ ಪಡೆದು ಅದರ ಸುತ್ತ ಹೆಜ್ಜೆ ಇಟ್ಟರು. ಕೊನೆಗೆ ವರ ತುಳಿದು ಒಡೆದದ್ದು ತೆಳ್ಳನೆಯ ಗಾಜಿನ ಲೋಟ, ದಪ್ಪ ಕರವಸ್ತ್ರದಲ್ಲಿ ಸುತ್ತಿದ್ದು. ಮಂಟಪದಲ್ಲಿ ಬರಿಗಾಲಿನಲ್ಲಿದ್ದ ವರನಿಗೆ ಆ ಹೊತ್ತಿಗೆ ಬೂಟು ತೊಡಿಸಬೇಕು ಎಂದು ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಬೂಟು ಕದಿಯುವ ಆಟ ಆಡುವ ಹುಡುಗಿಯರಿಗೆ ಮೊದಲೇ ತಾಕೀತು ಮಾಡಿದ್ದರು.

ಕ್ಯಾಥೊಲಿಕ್ ಕಡೆಯಿಂದ ಬೈಬಲಿನ ಒಂದು ಪಾಠ ಮಾತ್ರ, ಓದಿದ್ದು ವರನ ತಂಗಿ. ‘ಇದು ಚರ್ಚಿನ ಮದುವೆಯೂ ಆಗುತ್ತದಲ್ಲವೇ?’ ಎಂದು ವರನ ತಾಯಿ ಕೇಳಿದ್ದರು. ಇಲ್ಲ, ವರ ಕ್ಯಾಥೊಲಿಕ್ ಆಗಿ ಜ್ಞಾನಸ್ನಾನ ಪಡೆದವರಾದರೆ ಚರ್ಚಿನ ಮಾನ್ಯತೆಗೆ ತಮ್ಮ ಪ್ಯಾರಿಷ್ ಪಾದ್ರಿಯ ಮೂಲಕ ಮುಂಚೆಯೇ ವಿನಾಯಿತಿ ಪಡೆಯಬೇಕು ಎಂದು ಮಿನಿಸ್ಟರ್ ನೇರವಾಗಿ ಹೇಳಿದರು. ಕಹಿಯಾದರೂ ಈ ಮಾತನ್ನು ಮೊದಲ ಭೇಟಿಯಲ್ಲೇ ಆಡಬೇಕು.

ಈ ಎಲ್ಲದರ ನಡುವೆ ಕಾನೂನು ಕೇಳುವುದು ಎರಡು ವಾಕ್ಯ ಮಾತ್ರ. ಮದುವೆ ನಡೆಸುವವರ ಮತ್ತು ಸಾಕ್ಷಿಯ ಎದುರು, ಇಬ್ಬರೂ ಒಬ್ಬರನ್ನೊಬ್ಬರು ಸಂಗಾತಿಯಾಗಿ ಸ್ವೀಕರಿಸುತ್ತೇವೆ ಎಂದು ಹೇಳಬೇಕು. ನಮ್ಮ ವಿಧಿಯಲ್ಲಿ ಮದುವೆಯ ಜೀವ ಇರುವುದು ಮಾಂಗಲ್ಯಧಾರಣೆಯಲ್ಲಿ, ಆಗ ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಬೀಳುತ್ತದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಒಪ್ಪಿಗೆಯ ಮಾತನ್ನು ಅಲ್ಲಿಟ್ಟರೆ ಸಾಕ್ಷಿಯ ಕಿವಿಗೆ ಬೀಳುವುದು ನಾದಸ್ವರವೇ. ಅದನ್ನು ಮಾಂಗಲ್ಯಕ್ಕೆ ಮೊದಲು ತಂದು, ವಾದ್ಯದವರಿಗೆ ಕೈಸನ್ನೆ ಗೊತ್ತುಮಾಡಿ, ಸಾಕ್ಷಿಯನ್ನು ಮಂಟಪದ ಕಂಬದ ಪಕ್ಕದಲ್ಲೇ ನಿಲ್ಲಿಸಿದರು.

ಆಸ್ಪತ್ರೆ ಮತ್ತು ತೆರಿಗೆ

ಚಾಪ್ಲಿನ್ ಕೆಲಸದ ಅರ್ಜಿ ಮೊದಲ ಸುತ್ತಿನಲ್ಲೇ ವಾಪಸಾಯಿತು, ಆಗಲೇಬೇಕಿತ್ತು. ಆಸ್ಪತ್ರೆಗಳು ಕೇಳುವ ತರಬೇತಿಯ ಪರಂಪರೆ 1925ರಲ್ಲಿ ಆಂಟನ್ ಬಾಯ್ಸನ್ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಆರಂಭಿಸಿದ್ದು. ಇಂದು ಅದರ ಒಂದು ಯೂನಿಟ್ ಎಂದರೆ 400 ಗಂಟೆ. ಚಾಪ್ಲಿನ್‌ಗಳ ಮಂಡಳಿ ಕೊಡುವ ಪ್ರಮಾಣಪತ್ರಕ್ಕೆ ಅಂಥ ನಾಲ್ಕು ಯೂನಿಟ್, ಸ್ನಾತಕೋತ್ತರ ಓದು, ಜೊತೆಗೆ ಒಂದು ಧಾರ್ಮಿಕ ಸಮುದಾಯದ ಅನುಮೋದನೆ ಬೇಕು. ಸ್ವತಂತ್ರರಿಗೆ ಕೊನೆಯದೇ ದೊಡ್ಡ ತಡೆ, ಇವರನ್ನು ನಾವು ಬಲ್ಲೆವು, ಇವರ ನಡತೆಗೆ ನಾವು ಹೊಣೆ ಎನ್ನುವವರು ಬೇಕಲ್ಲ. ಸದ್ಯಕ್ಕೆ ಅವರು ಒಂದು ಯೂನಿಟ್‌ಗೆ ಅರ್ಜಿ ಹಾಕಿ, ಹಾಸ್ಪಿಸ್‌ನಲ್ಲಿ ಸ್ವಯಂಸೇವಕಿಯಾಗಿಯೇ ಮುಂದುವರಿದಿದ್ದಾರೆ. ಬ್ಯಾಡ್ಜಿನಲ್ಲಿ ಇಲ್ಲದ ‘ಚಾಪ್ಲಿನ್’ ಪದವನ್ನು ರೋಗಿಯ ಮನೆಯವರೆದುರು ಬಳಸುವುದಿಲ್ಲ.

ಮದುವೆಗೆ ಪಡೆಯುವ ಗೌರವಧನ ಸ್ವಂತ ದುಡಿಮೆಯ ಆದಾಯ. ವರ್ಷಕ್ಕೆ ಐದು ಮದುವೆ, ತಲಾ 400 ಡಾಲರ್, ಖರ್ಚು 350 ಎಂದುಕೊಂಡರೆ ಉಳಿಯುವುದು 1,650. ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಸ್ವಂತ ದುಡಿಮೆಯ ತೆರಿಗೆ ಬೀಳುತ್ತದೆ. 1,650ರ ಶೇ 92.35ರ ಮೇಲೆ ಶೇ 15.3, ಅಂದರೆ ಸುಮಾರು 233 ಡಾಲರ್. ಆದಾಯ ತೆರಿಗೆ ಬೇರೆ. ಮಿನಿಸ್ಟರ್‌ಗಳಿಗೆ ಸಿಗುವ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಇವರಿಗಿಲ್ಲ. ಅದನ್ನು ಕೆಲಸ ಕೊಟ್ಟ ಚರ್ಚು ಮುಂಚಿತವಾಗಿ ನಿಗದಿ ಮಾಡಿರಬೇಕು, ಇವರಿಗೆ ಕೆಲಸ ಕೊಟ್ಟ ಚರ್ಚೇ ಇಲ್ಲ.

ಭಾನುವಾರದ ಕೂಟವನ್ನು ಚರ್ಚು ಎನ್ನುವ ಯೋಚನೆಯನ್ನು ಸದ್ಯ ಕೈಬಿಡುವಂತೆ ಸಲಹೆ ಕೊಡಲಾಯಿತು. ಚರ್ಚುಗಳು ತೆರಿಗೆ ವಿನಾಯಿತಿಗೆ ಅರ್ಜಿ ಹಾಕಲೇಬೇಕೆಂದಿಲ್ಲ, ನಿಜ. ಆದರೆ ಪ್ರಶ್ನೆ ಬಂದರೆ ತೆರಿಗೆ ಇಲಾಖೆ 14 ಲಕ್ಷಣಗಳನ್ನು ಮುಂದಿಟ್ಟುಕೊಂಡು ನೋಡುತ್ತದೆ: ನಿಯತ ಸಭೆ, ಖಾಯಂ ಸ್ಥಳ, ಸ್ವಂತ ಸದಸ್ಯರು ಇತ್ಯಾದಿ. ತನ್ನ ಮನೆ, ತನ್ನ ಬ್ಯಾಂಕ್ ಖಾತೆ, ತಾನೇ ಮಿನಿಸ್ಟರ್ ಎಂಬ ಏರ್ಪಾಡು ಇಲಾಖೆಗೆ ಹಳೆಯ ಪರಿಚಯ. ಎಪ್ಪತ್ತರ ದಶಕದಲ್ಲಿ ಇದೇ ಅಲ್ಸ್ಟರ್ ಕೌಂಟಿಯ ಹಾರ್ಡನ್‌ಬರ್ಗ್ ಎಂಬ ಊರಿನಲ್ಲಿ ಆಸ್ತಿ ತೆರಿಗೆಯ ಸಿಟ್ಟಿಗೆ ಬಹುಪಾಲು ಜನ ಯೂನಿವರ್ಸಲ್ ಲೈಫ್ ಚರ್ಚಿನ ದೀಕ್ಷೆ ಪಡೆದು ತಮ್ಮ ಮನೆಗಳನ್ನು ಚರ್ಚು ಎಂದಿದ್ದರು. 1984ರಲ್ಲಿ ಮೂಲ ಚರ್ಚಿನ ವಿನಾಯಿತಿಯನ್ನೇ ಇಲಾಖೆ ರದ್ದುಮಾಡಿತು. ಈಗ ಕೂಟದಲ್ಲಿ ಕಾಣಿಕೆಯ ತಟ್ಟೆ ಇಡುವುದಿಲ್ಲ. ಚಹಾದ ಖರ್ಚನ್ನು ಬಂದವರು ಸರದಿಯಂತೆ ಹಾಕುತ್ತಾರೆ.

ಮುಂದಿನ ಕರೆ

ಮದುವೆ ನೋಡಿದ ಬಂಧುಗಳಿಂದ ಎರಡು ಕರೆ ಬಂದವು, ಒಂದು ವರ್ಜೀನಿಯಾದಿಂದ, ಇನ್ನೊಂದು ಟೆನೆಸಿಯಿಂದ. ವರ್ಜೀನಿಯಾದ ಸುಪ್ರೀಂ ಕೋರ್ಟ್ 1974ರ ಕ್ರೇಮರ್ ತೀರ್ಪಿನಲ್ಲಿ, ಸದಸ್ಯರೆಲ್ಲರೂ ಮಿನಿಸ್ಟರ್ ಆಗಬಲ್ಲ ಸಂಸ್ಥೆಯವರಿಗೆ ಮದುವೆ ನಡೆಸುವ ಅಧಿಕಾರಪತ್ರ ಕೊಡಬೇಕಿಲ್ಲ ಎಂದಿದೆ. ಅಲ್ಲಿ ಮಿನಿಸ್ಟರ್‌ಗಳು ಮೊದಲು ಸರ್ಕ್ಯೂಟ್ ಕೋರ್ಟಿನಿಂದ ಆದೇಶ ಪಡೆಯಬೇಕು. ಟೆನೆಸಿ 2019ರಲ್ಲಿ ಆನ್‌ಲೈನ್ ದೀಕ್ಷೆಯವರು ಮದುವೆ ನಡೆಸುವಂತಿಲ್ಲ ಎಂದು ಕಾನೂನು ಮಾಡಿತು, ಅದು ಫೆಡರಲ್ ಕೋರ್ಟಿನ ಮೆಟ್ಟಿಲೇರಿತು. ಪೆನ್ಸಿಲ್ವೇನಿಯಾದಲ್ಲಿ ಕೌಂಟಿಯಿಂದ ಕೌಂಟಿಗೆ ತೀರ್ಪು ಬೇರೆಯಾದ ಉದಾಹರಣೆಗಳಿವೆ, ಆದರೆ ಕ್ವೇಕರ್ ಎಂಬ ಕ್ರೈಸ್ತ ಪಂಥದ ಪದ್ಧತಿಯಿಂದ ಬಂದ ಸ್ವಯಂ ವಿವಾಹ ಲೈಸೆನ್ಸ್ ಅಲ್ಲಿದೆ, ಅದಕ್ಕೆ ಮಿನಿಸ್ಟರೇ ಬೇಡ.

ಈ ಸಲ ಟಿಕೆಟ್ ಬುಕ್ ಮಾಡುವ ಮೊದಲೇ ಅವರು ವರ್ಜೀನಿಯಾದ ಕ್ಲರ್ಕಿಗೆ ಮೂರು ಪ್ರಶ್ನೆ ಬರೆದು ಕಳಿಸಿದರು: ಹೊರರಾಜ್ಯದವರಿಗೆ ಆದೇಶ ಸಿಗುತ್ತದೆಯೇ, ಯಾವ ಕಾಗದ ಬೇಕು, ಈ ಸಂಸ್ಥೆಯ ದೀಕ್ಷೆಯನ್ನು ನಿಮ್ಮ ಕೋರ್ಟು ಒಪ್ಪುತ್ತದೆಯೇ. ಉತ್ತರ ಬರವಣಿಗೆಯಲ್ಲೇ ಬೇಕು ಎಂದೂ ಸೇರಿಸಿದರು. ಟೆನೆಸಿಯವರಿಗೆ ಹೇಳಿದ್ದು ಹೀಗೆ: ಸಹಿಗೆ ಅಲ್ಲಿನ ನ್ಯಾಯಾಧೀಶರನ್ನು ಗೊತ್ತುಮಾಡಿಕೊಳ್ಳಿ, ಅಂತರಪಟ ಹಿಡಿಯುವುದಕ್ಕೆ ನಾನು ಬರುತ್ತೇನೆ.